ಒಂದೇ ಫೋನಿನ ಮನೆಗೆ ಯಾವ ಬೇಲಿ?

ಕಳೆದ ಸಂಚಿಕೆಯಲ್ಲಿ ಅರಿಶಿನದ ಗೆಡ್ಡೆ ಕೊಳೆರೋಗದ ಬಗ್ಗೆ ಬರೆದಿದ್ದೆವು. ಈ ಸಲ ಈರುಳ್ಳಿಯ ಬಗ್ಗೆ ಬರೆಯಬೇಕೆಂದಿದ್ದೆವು. ಆದರೆ ಭಾನುವಾರ ಪೂಜೆ ಮುಗಿದು ಅಂಗಳದಲ್ಲಿ ನಿಂತಿದ್ದ ತಾಯಂದಿರು ಕೇಳಿದ್ದೇ ಬೇರೆ: "ಮಕ್ಕಳು ಫೋನಿನಲ್ಲಿ ಏನು ನೋಡುತ್ತಾರೆ ಅಂತ ತಿಳಿಯುವ ಆ್ಯಪ್ ಯಾವುದಾದರೂ ಇದ್ದರೆ ಅದನ್ನು ಬರೆಯಿರಿ." ಇದು ಆರೋಗ್ಯದ ವಿಷಯವೂ ಹೌದು. ಆದ್ದರಿಂದ ಈರುಳ್ಳಿ ಮುಂದಿನ ತಿಂಗಳಿಗೆ.

ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಹೋದ ವರ್ಷ ಎಲೆಕೋಸು ಕೊಯ್ದು ಲಾರಿಗೆ ತುಂಬುವ ದಿನ ನಮ್ಮ ಮನೆಯ ಆರು ವರ್ಷದ ಮಗು ಕಾಲಿಗೆ ಅಡ್ಡ ಬರುತ್ತಿತ್ತು. ಟ್ರ್ಯಾಕ್ಟರ್ ವಿಡಿಯೊ ಹಾಕಿ, ಫೋನು ಕೊಟ್ಟು ಜಗಲಿಯಲ್ಲಿ ಕೂರಿಸಿದೆವು. ಎರಡು ಗಂಟೆ ಸದ್ದಿಲ್ಲ. ಎಂಥ ಒಳ್ಳೆಯ ಮಗು ಎಂದುಕೊಂಡೆವು. ಆ ರಾತ್ರಿ ಅದು ಮೂರು ಸಲ ಬೆಚ್ಚಿ ಎದ್ದಿತು. ಬೆಳಿಗ್ಗೆ ನೋಡಿದ ವಿಡಿಯೊಗಳ ಪಟ್ಟಿ ತೆಗೆದರೆ, ಮೊದಲು ಟ್ರ್ಯಾಕ್ಟರ್, ಆಮೇಲೆ ಟ್ರ್ಯಾಕ್ಟರ್ ಉರುಳುವುದು, ಆಮೇಲೆ ಲಾರಿ ಅಪಘಾತಗಳು, ಕೊನೆಗೆ ರಸ್ತೆಯಲ್ಲಿ ಹೆಣ. ಮಗು ಇದನ್ನೆಲ್ಲ ಹುಡುಕಿದ್ದಲ್ಲ. ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗಿ ಬರುವ ಏರ್ಪಾಡು ಅದು. ಅದನ್ನು ನಿಲ್ಲಿಸಬಹುದೆಂಬುದು ಕೂಡ ನಮಗೆ ಗೊತ್ತಿರಲಿಲ್ಲ.

ಆ ಮೇಲೆ ನಾವೂ ಆ್ಯಪ್‌ಗಳನ್ನು ಹುಡುಕಿದೆವು. ಹುಡುಕಿದಾಗ ತಿಳಿದದ್ದು ಇಷ್ಟು: ಹೆಚ್ಚಿನ ಆ್ಯಪ್‌ಗಳನ್ನು ಮಾಡಿರುವುದು ಮಗುವಿಗೇ ಒಂದು ಫೋನು ಇರುವ ಮನೆಗೆ. ತಿಗನಾರೆಯ ಅನೇಕ ಮನೆಗಳಲ್ಲಿ ಎಲ್ಲರಿಗೂ ಇರುವುದು ಒಂದೇ ಫೋನು. ತರಕಾರಿ ದರ ಕೇಳುವುದು, ಹಣ ಕಳಿಸುವುದು, ಕಾಡಂಚಿನಲ್ಲಿ ಆನೆ ಇಳಿದರೆ ಪಕ್ಕದ ಹೊಲದವರನ್ನು ಎಬ್ಬಿಸುವುದು ಎಲ್ಲವೂ ಅದರಲ್ಲೇ. ಸಂಜೆ ಅದೇ ಫೋನು ಮಗುವಿನ ಕೈಗೆ ಹೋಗುತ್ತದೆ. ಗೂಗಲ್ 2017ರಲ್ಲಿ ಹೊರತಂದ ಫ್ಯಾಮಿಲಿ ಲಿಂಕ್ ಒಳ್ಳೆಯ ಆ್ಯಪ್, ಹಣ ಕೊಡಬೇಕಾಗಿಲ್ಲ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್, ಯಾವ ಆ್ಯಪ್‌ಗೆ ಅನುಮತಿ, ಎಲ್ಲವನ್ನೂ ತಂದೆತಾಯಿ ತಮ್ಮ ಫೋನಿನಿಂದಲೇ ಗೊತ್ತುಮಾಡಬಹುದು. ಆದರೆ ಅದಕ್ಕೆ ಮಗುವಿನ ಹೆಸರಿನ ಖಾತೆ ಬೇಕು, ಆ ಖಾತೆ ಇರುವ ಬೇರೆ ಫೋನೂ ಬೇಕು. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಕೊಡಿಸಿದ ಫೋನು ದೊಡ್ಡ ಮಕ್ಕಳ ಕೈಯಲ್ಲೇ ಉಳಿದಿರುವ ಮನೆಯವರು ಇದನ್ನೇ ಹಾಕಿಕೊಳ್ಳಲಿ. ಒಂದೇ ಫೋನಿನ ಮನೆಗೆ ಇದು ಹೊಂದುವುದಿಲ್ಲ.

ಒಂದೇ ಫೋನಿನ ಮನೆಗೆ ನಮ್ಮ ಆಯ್ಕೆ ಯೂಟ್ಯೂಬ್ ಕಿಡ್ಸ್. ಭಾರತಕ್ಕೆ ಇದು 2016ರ ನವೆಂಬರಿನಲ್ಲಿ ಬಂತು. ಇದರಲ್ಲಿ ವಯಸ್ಸಿಗೆ ತಕ್ಕಂತೆ ಮೂರು ವಿಭಾಗಗಳಿವೆ: 4 ವರ್ಷದವರೆಗೆ, 5ರಿಂದ 8, 9ರಿಂದ 12. ಆದರೆ ನಾವು ಹೇಳುವುದು ಈ ಮೂರನ್ನೂ ಬಿಟ್ಟು ನಾಲ್ಕನೆಯದನ್ನು, ಅಂದರೆ ತಂದೆತಾಯಿ ಒಪ್ಪಿದ ವಿಡಿಯೊಗಳನ್ನು ಮಾತ್ರ ತೋರಿಸುವ ಆಯ್ಕೆಯನ್ನು. ಇದನ್ನು ಹಾಕಿದರೆ ಮಗು ಹುಡುಕಲು ಆಗುವುದಿಲ್ಲ, ನೀವು ಆರಿಸಿಟ್ಟಿದ್ದನ್ನಷ್ಟೇ ನೋಡುತ್ತದೆ. ಕಾರಣ ಇಷ್ಟೇ. ಉಳಿದ ಮೂರರಲ್ಲಿ ಸೋಸುವ ಕೆಲಸ ಬಹುಪಾಲು ಯಂತ್ರದ್ದು. ಜರಡಿಯಲ್ಲಿ ಕಲ್ಲು ಉಳಿಯುವುದು ರಾಗಿ ಕೇರುವವರಿಗೆ ಹೊಸತಲ್ಲ. ಅದೂ ಅಲ್ಲದೆ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಹೊರಗೆ ತಮಿಳು, ಕಾರ್ಟೂನಿನಲ್ಲಿ ಇಂಗ್ಲಿಷು. ಮೂರು ಭಾಷೆಯ ವಿಡಿಯೊಗಳಲ್ಲಿ ಯಾವುದು ಸರಿ ಎಂದು ಕೂತು ನೋಡಿ ಆರಿಸುವುದು ತಂದೆತಾಯಿಯೇ ಮಾಡಬೇಕಾದ ಕೆಲಸ. ಒಂದು ಭಾನುವಾರ ಮಧ್ಯಾಹ್ನ ಸಾಕು.

ಇನ್ನೊಂದು ಮಾತು. ಆ ಆ್ಯಪ್‌ನ ಹಿರಿಯರ ಬಾಗಿಲಿಗೆ ಮೊದಲು ಇರುವ ಬೀಗ ಒಂದು ಗುಣಾಕಾರದ ಲೆಕ್ಕ. ಮೂರನೆಯ ತರಗತಿಯಲ್ಲಿ ಮಗ್ಗಿ ಕಲಿತ ಮಗು ಅದನ್ನು ಚಿಟಿಕೆಯಲ್ಲಿ ತೆಗೆಯುತ್ತದೆ. ಲೆಕ್ಕ ಬಂದಿತೆಂದು ಸಂತೋಷಪಡಬೇಕಾದರೂ, ಅದನ್ನು ಬಿಟ್ಟು ನಿಮ್ಮದೇ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ಇಟ್ಟುಕೊಳ್ಳಿ. ಅದರಲ್ಲೇ ಗಡಿಯಾರವೂ ಇದೆ, ಹೊತ್ತು ಮುಗಿದರೆ ಆ್ಯಪ್ ತಾನೇ ಮುಚ್ಚುತ್ತದೆ. ಕಿತ್ತುಕೊಳ್ಳುವ ಜಗಳ ಅಜ್ಜಿಗೆ ತಪ್ಪಿ, ಮಗುವಿನ ಸಿಟ್ಟು ಫೋನಿನ ಮೇಲೇ ಹೋಗುತ್ತದೆ.

ಆದರೂ ಮಗು ಆ ಆ್ಯಪ್‌ನಿಂದ ಹೊರಗೆ ಬಂದು ದೊಡ್ಡವರ ಯೂಟ್ಯೂಬ್ ತೆರೆದರೆ? ಅದಕ್ಕೆ ಆಂಡ್ರಾಯ್ಡ್ ಫೋನಿನಲ್ಲೇ ಸ್ಕ್ರೀನ್ ಪಿನ್ನಿಂಗ್ ಎಂಬ ಸೌಲಭ್ಯ ಇದೆ. ಕೆಲವು ಫೋನಿನಲ್ಲಿ ಆ್ಯಪ್ ಪಿನ್ ಎಂದಿರುತ್ತದೆ. ಸೆಟ್ಟಿಂಗ್ಸ್‌ನ ಭದ್ರತೆಯ ಭಾಗದಲ್ಲಿ ಹುಡುಕಿ. ಪಿನ್ ಕೇಳುವಂತೆ ಮಾಡಿ ಒಂದು ಆ್ಯಪ್ ಅನ್ನು ಗೂಟಕ್ಕೆ ಕಟ್ಟಿದ ಮೇಲೆ, ಪಿನ್ ಗೊತ್ತಿಲ್ಲದವರು ಅದನ್ನು ಬಿಟ್ಟು ಬೇರೆಡೆಗೆ ಹೋಗಲಾರರು. ನಿಮ್ಮ ಬ್ಯಾಂಕಿನ ಆ್ಯಪ್‌ಗೂ ಇದರಿಂದ ರಕ್ಷಣೆ. ಯಾವ ಹೊಸ ಆ್ಯಪ್ ಹಾಕದಿದ್ದರೂ ಇದೊಂದನ್ನು ಮಾಡಿ ಎಂದು ನಾವು ಒತ್ತಿ ಹೇಳುತ್ತೇವೆ.

ದೊಡ್ಡವರ ಯೂಟ್ಯೂಬ್‌ನಲ್ಲೂ ತಾನಾಗಿ ಮುಂದಿನದು ಬರುವ ಆಟೋಪ್ಲೇ ಗುಂಡಿಯನ್ನು ಆರಿಸಿಡಿ. ರಿಸ್ಟ್ರಿಕ್ಟೆಡ್ ಮೋಡ್ ಹಾಕಿದರೆ ದೊಡ್ಡವರಿಗೆ ಮಾತ್ರ ತಕ್ಕಂಥವು ಬಹುಮಟ್ಟಿಗೆ ಮರೆಯಾಗುತ್ತವೆ, ಕಮೆಂಟುಗಳೂ ಕಾಣುವುದಿಲ್ಲ. ಪೂರ್ತಿ ಖಾತರಿ ಇಲ್ಲ ಎಂದು ಕಂಪನಿಯೇ ಹೇಳುತ್ತದೆ. ತಂದೆಯರಿಗೆ ಒಂದು ಕಿವಿಮಾತು: ರಾತ್ರಿ ಹೊಲ ಕಾಯುವ ಅಟ್ಟಣೆಯಲ್ಲಿ ನಿದ್ದೆ ಬಾರದಿರಲೆಂದು ನೀವು ನೋಡಿದ್ದನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಅಂಥವನ್ನೇ ಮರುದಿನ ಮಗುವಿನ ಮುಂದೆ ಸಾಲಾಗಿ ಇಡುತ್ತದೆ. ನೋಡಿದ ಪಟ್ಟಿಯನ್ನು ಅಳಿಸಿ, ಇಲ್ಲವೇ ದಾಖಲಾಗದಂತೆ ನಿಲ್ಲಿಸಿ.

ಮಕ್ಕಳಿಗೆ ಗೊತ್ತಾಗದಂತೆ ಗುಟ್ಟಾಗಿ ಎಲ್ಲವನ್ನೂ ನೋಡುವ ಆ್ಯಪ್‌ಗಳೂ ಹಣಕ್ಕೆ ಸಿಗುತ್ತವೆ. ಅವು ಬೇಡ. ಎಂಸ್ಪೈ ಎಂಬ ಅಂಥದೊಂದು ಆ್ಯಪ್‌ನ ಲಕ್ಷಾಂತರ ಗ್ರಾಹಕರ ಮಾಹಿತಿ 2024ರಲ್ಲಿ ಸೋರಿಹೋಯಿತು. ಪ್ಲೇ ಸ್ಟೋರಿನ ಹೊರಗಿನಿಂದ ತಂದು, ಫೋನಿನ ಎಲ್ಲ ಅನುಮತಿಯನ್ನೂ ಕೊಟ್ಟರೆ, ನಿಮ್ಮ ಹಣ ಇರುವ ಫೋನಿಗೇ ನೀವೇ ಕನ್ನ ಕೊರೆದಂತೆ. ಹದಿನಾಲ್ಕರ ಮಗಳಿಗೆ ಈ ಬೇಹುಗಾರಿಕೆ ಒಂದು ದಿನ ಗೊತ್ತಾದರೆ ಮುಂದೆ ಅವಳು ನಿಜವಾದ ತೊಂದರೆಯನ್ನೂ ಹೇಳಲಾರಳು. ಯಾವ ಕಾವಲು ಹಾಕಿದರೂ ಹೇಳಿ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಸರ್ಕಾರವೇ ನಿಷೇಧಿಸಲಿ ಎನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದ ಒಳಗಿನವರು ಯೂಟ್ಯೂಬ್ ಸೇರಿದಂತೆ ದೊಡ್ಡ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ಆದರೆ ಖಾತೆಯಿಲ್ಲದೆ ವಿಡಿಯೊ ನೋಡಲು ಅಲ್ಲೂ ತಡೆಯಿಲ್ಲ. ಅಪ್ಪನ ಫೋನಿನಲ್ಲಿ ನೋಡುವ ನಮ್ಮ ಮಕ್ಕಳಿಗೆ ಅಂಥ ಕಾನೂನು ಬಂದರೂ ತಟ್ಟುವುದು ಕಡಿಮೆ.

ಎಷ್ಟು ಹೊತ್ತು ನೋಡಬಹುದು? ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2022ರಲ್ಲಿ ಪ್ರಕಟಿಸಿದ ಸಲಹೆಯಂತೆ ಎರಡು ವರ್ಷದ ಒಳಗಿನ ಮಗುವಿಗೆ ಪರದೆಯೇ ಬೇಡ, ದೂರದ ನೆಂಟರ ವಿಡಿಯೊ ಕರೆ ಮಾತ್ರ ಅಪರೂಪಕ್ಕೆ ಆಗಬಹುದು. ಎರಡರಿಂದ ಐದಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತಕ್ಕೆ ಎರಡು ಗಂಟೆಗಿಂತ ಕಡಿಮೆ. ಮುದ್ದೆ ನುಂಗಿಸಲು ಫೋನು ಹಿಡಿಯುವವರು ಈ ಲೆಕ್ಕಕ್ಕೆ ಅದನ್ನೂ ಸೇರಿಸಬೇಕು. ಕಣ್ಣಿನ ವಿಷಯದಲ್ಲಿ ಮಾತ್ರ ನಮ್ಮ ಮಕ್ಕಳು ಪುಣ್ಯವಂತರು. ಚೀನಾದ ಗುವಾಂಗ್‌ಝೌ ಊರಿನ 12 ಶಾಲೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಿನಲ್ಲಿ ಕಳೆದ ಮಕ್ಕಳಲ್ಲಿ ಮೂರು ವರ್ಷದೊಳಗೆ ದೂರದೃಷ್ಟಿ ಮಂಜಾದವರು ನೂರಕ್ಕೆ 30.4. ಹಾಗೆ ಕಳೆಯದ ಮಕ್ಕಳಲ್ಲಿ 39.5. ನಮ್ಮ ಬಾಗಿಲಾಚೆಯೇ ಬಯಲು ಇದೆ.

ಓದು ಬಾರದ ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಹೊಲಕ್ಕೆ ಹೋಗುವವರು ನಮ್ಮಲ್ಲಿ ಬಹಳ. ಅಜ್ಜಿಗೆ ಪಿನ್ನಿಂಗ್, ಮೋಡ್ ಯಾವುದೂ ಬೇಡ. ಇಯರ್‌ಫೋನು ಕೊಡದೆ, ಸದ್ದು ತೆರೆದಿಟ್ಟು, ಮಗುವನ್ನು ಅಡುಗೆಮನೆಯ ಬಾಗಿಲಲ್ಲಿ ಕೂರಿಸಿದರೆ ಸಾಕು. ಕಿರುಚಾಟ, ಬೈಗುಳ ಕೇಳಿದರೆ ಯಾವ ಭಾಷೆಯದಾದರೂ ಅವರಿಗೆ ತಿಳಿಯುತ್ತದೆ.

ಪಿನ್ನಿಂಗ್ ಮಾಡಲು ಬಾರದವರು ಮುಂದಿನ ಭಾನುವಾರ ಪೂಜೆಯ ನಂತರ ಫೋನು ತನ್ನಿ. ನಾವು ಹುಣಸೆ ಮರದಡಿ ಇರುತ್ತೇವೆ. ಹತ್ತು ನಿಮಿಷದ ಕೆಲಸ. ಮಕ್ಕಳನ್ನೂ ಕರೆತನ್ನಿ, ಅವರ ಎದುರಿಗೇ ಮಾಡೋಣ.