ಹಳೇ ಕಾಸಿಗೆ ಲಕ್ಷ ಕೊಡ್ತೀವಿ ಅಂದ್ರೆ ನಂಬಬೇಡಿ

ಅಕ್ಕಂದಿರೇ, ಈಗ ಯಾರ ಫೋನ್ ನೋಡಿದ್ರೂ ಒಂದೇ ವಿಡಿಯೋ. ಹಳೇ ಐದ್ರೂಪಾಯಿ ನೋಟೈತಾ, ಇಪ್ಪತ್ತು ಪೈಸೆ ಐತಾ, ಲಕ್ಷ ಕೊಡ್ತೀವಿ ಅಂತ. ನನ್ನ ಕೇಳಿದ್ರೆ ಅದು ಹಳೇ ಕಾಸು ತಗೊಳ್ಳೋ ಆಟ ಅಲ್ಲ, ನಮ್ಮ ಹೊಸಾ ಕಾಸು ಕಿತ್ಕೊಳ್ಳೋ ಆಟ. ಮೊದ್ಲು ರಿಜಿಸ್ಟ್ರೇಷನ್ ಅಂತಾರೆ, ಆಮೇಲೆ ಟ್ಯಾಕ್ಸ್ ಅಂತಾರೆ. ನಮ್ಮ ಹೆಸ್ರಲ್ಲಿ ಕಮಿಷನ್ ಕೇಳೋರ್ನ ನಂಬಬೇಡಿ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಅಂತ 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಹೇಳೈತೆ.

ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ. ಕೂಡಿಡೋರು ನೋಡೋದು ಕಾಸು ಎಷ್ಟು ಅಪರೂಪ, ಎಷ್ಟು ಸವೆದೈತೆ ಅಂತ. 1968ರಿಂದ 1971ರ ತನಕ ಬಂದ ಕಮಲದ ಇಪ್ಪತ್ತು ಪೈಸೇನ ಲಕ್ಷ್ಮೀ ಪೂಜೆಗೆ ಅಂತ ಹುಡುಕೋರವ್ರೆ, ಆದ್ರೆ ಅದ್ರಲ್ಲಿ ಚಿನ್ನ ಇಲ್ಲ. ಹಳದಿ ಇರೋದೆಲ್ಲಾ ಚಿನ್ನ ಅಲ್ಲ ಅಂತ ಚಿನ್ನದ ಗಣಿ ಊರಿನ ನಮಗೆ ಬೇರೆಯೋರು ಹೇಳ್ಕೊಡ್ಬೇಕಾ?

ಬೆಳ್ಳಿ ರೂಪಾಯಿ ಮಾತು ಬೇರೆ. ವಿಕ್ಟೋರಿಯಾ ರಾಣಿ ರೂಪಾಯಿ ಒಂದು ತೊಲ, ಅಂದ್ರೆ 11.66 ಗ್ರಾಂ. ಅದ್ರಲ್ಲಿ ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1947ರ ರೂಪಾಯಿ ಬರೀ ನಿಕ್ಕಲ್. ಅದ್ಕೇ ಇಸವಿ ನೋಡ್ದೆ ಮಾರಬೇಡಿ. ಹಬ್ಬ ಬಂತು ಅಂತ ಹುಣಸೇಹಣ್ಣು ಹಾಕಿ ತಿಕ್ಕಲೂ ಬೇಡಿ, ತಿಕ್ಕಿದ ಕಾಸಿಗೆ ಕೂಡಿಡೋರು ಬೆಲೆ ಇಳಿಸ್ತಾರೆ.

2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಎಷ್ಟೋ ಮನೆಗಳ ಸಂಬಳ ಬೆಳಗಿನ ರೈಲಲ್ಲಿ ಬೆಂಗಳೂರಿಗೆ ಹೋಗಿ ದುಡಿದು ತಂದಿದ್ದು. ಅದ್ನ ಓಟಿಪಿ ಹೇಳಿ ಕಳ್ಕೋಬೇಡಿ. ದುಡ್ಡು ಕೊಡ್ಬೇಕಾದೋನು ಕೊಳ್ಳೋನು, ಮಾರೋ ನಾವಲ್ಲ ಕಣ್ರಮ್ಮ.