ಬರ ಬಂತು, ಆಮೇಲೆ ಏನಾಯಿತು?

ರಜೆಯಲ್ಲಿ ಮಗಳು ಐರಿಷ್ ಲೇಖಕಿ ಮರಿಟಾ ಕಾನ್ಲನ್-ಮೆಕೆನಾ ಮಕ್ಕಳಿಗಾಗಿ ಬರೆದ ಮೂರು ಕಾದಂಬರಿಗಳನ್ನು ಓದಿದಳು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಶುರುವಾದ ಬರದಲ್ಲಿ ಮನೆ ಕಳೆದುಕೊಂಡ ಮೂವರು ಒಡಹುಟ್ಟಿದವರ ಕಥೆ. ಮೊದಲ ಪುಸ್ತಕದಲ್ಲಿ ಅವರು ಬದುಕಿ ಉಳಿಯುತ್ತಾರೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಒಬ್ಬಳು ಅಮೆರಿಕಕ್ಕೆ ಹೋಗಿ ಮನೆಗೆಲಸಕ್ಕೆ ಸೇರುತ್ತಾಳೆ, ಇನ್ನೊಬ್ಬಳು ಊರಲ್ಲೇ ಸಂಸಾರ ಕಟ್ಟುತ್ತಾಳೆ.

ಮುಗಿಸಿ ಕೇಳಿದಳು: "ಅಪ್ಪಾ, ನಮ್ಮ ರಾಯಚೂರ ಕಡೆ ಬರ ಬಂದಿದ್ದಿಲ್ಲೇನು?"

ಬಂದಿತ್ತು. 1876–78ರ ಧಾತು-ಈಶ್ವರ ಬರ. ನಮ್ಮ ಅಪಾರ್ಟ್‌ಮೆಂಟಿನ ಕರ್ನೂಲಿನ ಕಾವಲುಗಾರನಿಗೂ ಅದರ ಹೆಸರು ಗೊತ್ತು, ‘ಧಾತ ಕರುವು’ ಅನ್ನುತ್ತಾನೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮದ್ರಾಸ್ ಪ್ರಾಂತ್ಯದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೊಂದಿಷ್ಟು ಚಿಲ್ಲರೆ ಸಾಕೆಂದು ರಿಚರ್ಡ್ ಟೆಂಪಲ್ ಲೆಕ್ಕ ಹಾಕಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗೂ ಕಡಿಮೆ.

ಇಷ್ಟನ್ನು ಹೇಳಿದೆ. ಅವಳು ಮತ್ತೆ ಕೇಳಿದಳು: "ಆಮೇಲೆ?"

ನಮ್ಮ ಸೋಲು ಇರುವುದು ಈ ‘ಆಮೇಲೆ’ಯಲ್ಲಿ. ಮಕ್ಕಳಿಗೆ ಚರಿತ್ರೆಯ ಕಥೆ ಎಂದೊಡನೆ ನಾವು ಪುಲಕೇಶಿ, ಕೃಷ್ಣದೇವರಾಯ, ಚೆನ್ನಮ್ಮನ ಬಳಿ ಓಡುತ್ತೇವೆ. ಹಸಿವಿನ ಕಥೆ ಬೇಡ, ಮಕ್ಕಳು ಹೆದರುತ್ತಾರೆ ಅನ್ನುತ್ತೇವೆ. ಕುರುಕ್ಷೇತ್ರದ ಹದಿನೆಂಟು ದಿನದ ಹೆಣಗಳನ್ನು ಎಣಿಸಿ ಹೇಳುವಾಗ ಈ ಹೆದರಿಕೆ ಎಲ್ಲಿರುತ್ತದೆ? ಇನ್ನು ಬರದ ಬಗ್ಗೆ ಬರೆಯುವ ದೊಡ್ಡವರು ಸಾವಿನ ಲೆಕ್ಕ ಕೊಟ್ಟು ಪೆನ್ನು ಮುಚ್ಚುತ್ತಾರೆ. ಉಳಿದವರು ಏನು ಬಿತ್ತಿದರು? ಎತ್ತು ಸತ್ತ ಮನೆಗೆ ಎತ್ತು ಕೊಟ್ಟವರು ಯಾರು? ತಂಗಿಯ ಮಗುವನ್ನು ಸಾಕಿದ ದೊಡ್ಡವ್ವ ಯಾರು? ಬೆಂಗಳೂರು-ಮೈಸೂರು ರೈಲು ದಾರಿಗೆ ಮಣ್ಣು ಹೊತ್ತವರಲ್ಲಿ ಬರದ ಕೂಲಿಗಳೂ ಇದ್ದರು. ರಜೆಗೆ ಆ ರೈಲು ಹತ್ತುವ ಮಗುವಿಗೆ ಅವರಲ್ಲಿ ಒಬ್ಬ ಹುಡುಗಿಯ ಕಥೆ ಯಾಕೆ ಸಿಗಬಾರದು?

ವಲಸೆ ಬಂದ ನಮಗೆ ಇದು ದೂರದ ಮಾತಲ್ಲ. ಗಚ್ಚಿಬೌಲಿಯಲ್ಲಿ ನಮ್ಮ ಆಫೀಸಿನ ಪಕ್ಕ ಏಳುತ್ತಿರುವ ಕಟ್ಟಡದ ಇಟ್ಟಿಗೆ ಹೊರುವವರ ಬಾಯಲ್ಲಿ ರಾಯಚೂರು, ಯಾದಗಿರಿಯ ಕನ್ನಡ ಕೇಳಿಸುತ್ತದೆ. ಮಳೆ ಕೈಕೊಟ್ಟ ವರ್ಷ ಅವರ ಸಂಖ್ಯೆ ಹೆಚ್ಚುತ್ತದೆ. ಅವರ ಮಕ್ಕಳು ಮರಳಿನ ಗುಡ್ಡೆ ಮೇಲೆ ಆಡುತ್ತಿರುತ್ತಾರೆ. ಊರು ಬಿಟ್ಟು ಮತ್ತೆ ಬದುಕು ಕಟ್ಟುವುದು ನಾಚಿಕೆಯ ವಿಷಯವಲ್ಲ ಎಂದು ಆ ಮಕ್ಕಳಿಗೂ, ಹನ್ನೆರಡನೇ ಮಹಡಿಯಲ್ಲಿ ಕೂತ ನಮ್ಮ ಮಕ್ಕಳಿಗೂ ಒಂದೇ ಪುಸ್ತಕ ಹೇಳಬಹುದು.

ಆಕರ ಎಲ್ಲಿದೆ ಅನ್ನಬೇಡಿ. ಗ್ಯಾಸೆಟಿಯರುಗಳಿವೆ, ಬರ ಆಯೋಗದ ವರದಿಗಳಿವೆ. ಮನೆಯಲ್ಲಿ ಅಜ್ಜಿಯರಿದ್ದಾರೆ. ಮನೆಯಲ್ಲಿ ಎಷ್ಟೇ ತಾಪತ್ರಯ ಇದ್ದರೂ ನಮ್ಮಜ್ಜಿ ಹಗೇವಿನ ಒಂದು ಪಾಲು ಜೋಳ ಮುಟ್ಟಗೊಡುತ್ತಿರಲಿಲ್ಲ. "ಬಿತ್ತೋ ಜ್ವಾಳ ಬೀಸಬಾರ್ದು" ಅನ್ನುತ್ತಿದ್ದಳು. ಅವಳಿಗೆ ಅದನ್ನು ಹೇಳಿಕೊಟ್ಟದ್ದು ಅವಳ ಅಜ್ಜಿ.

ಮಗಳಿಗೆ ಕೊನೆಗೆ ಅದನ್ನೇ ಹೇಳಿದೆ. ಬರೆದು ಕೊಡು ಅಂದಿದ್ದಾಳೆ. ನಾನು ಶುರು ಮಾಡಿದ್ದೇನೆ, ನೀವೂ ಮಾಡಿ.