ಮನೆವಾರ್ತೆ: ತುಕ್ಕು ಹಿಡಿದ ನಟ್ಟು

ಹಿಂದೆ ಫ್ರೆಂಚ್ ರಾಕ್ಸ್ ಎನಿಸಿಕೊಂಡಿದ್ದ ಪಾಂಡವಪುರವು ನಾಲೆಯ ನೀರುಂಡು ಬೆಳೆಯುವ ಸೀಮೆ. ಇಲ್ಲಿಯ ಕಬ್ಬು ಬತ್ತಗಳ ನಡುವಣ ಮನೆಗಳಲ್ಲಿ ತಂದೆಯವರ ಕಾಲದ ಅಂಬಾಸಡರ್ ಕಾರೊಂದು ಕೊಟ್ಟಿಗೆಯ ಮಗ್ಗುಲಲ್ಲಿ ನಿಂತೇ ಇರುವುದು ಅಪೂರ್ವವಲ್ಲ. ಮಾರಲು ಮನಸ್ಸು ಬಾರದು, ಓಡಿಸಲು ಬಿಡುವಿರದು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತ ಮೇಲೆ ಅದರ ಮೇಲಣ ಮಮತೆ ಇನ್ನಷ್ಟು ಹೆಚ್ಚಿದೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ವೆಂಬ ಹಳೆಯ ವಾಹನಗಳ ಸಂಗ್ರಹಾಲಯವನ್ನು ನೋಡಿ ಬಂದವರಿಗೆ, ನಮ್ಮದನ್ನೂ ಏಕೆ ಎಬ್ಬಿಸಬಾರದೆಂಬ ಉತ್ಸಾಹ ಹುಟ್ಟುವುದು ಸಹಜವೇ. ಆದರೆ ಆ ಉತ್ಸಾಹವು ಬಹುಮಟ್ಟಿಗೆ ಮೊದಲನೆಯ ನಟ್ಟಿನ ಬಳಿಯೇ ಮುಗ್ಗರಿಸುತ್ತದೆ.

ನಟ್ಟು ಏಕೆ ಕಚ್ಚಿಕೊಳ್ಳುತ್ತದೆಂಬುದನ್ನು ಮೊದಲು ತಿಳಿಯತಕ್ಕದ್ದು. ಗಾಳಿಯೂ ತೇವವೂ ಕೂಡಿದಲ್ಲಿ ಕಬ್ಬಿಣವು ತುಕ್ಕಾಗುತ್ತದೆ. ಆ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ, ತಿರುಪಿನ ಸಂದುಗಳಲ್ಲಿ ಹಿಗ್ಗಿ ಬೆಣೆಯಂತೆ ನಿಲ್ಲುತ್ತದೆ. ಇಂಥ ಬೆಣೆಯನ್ನು ತೋಳಿನ ಬಲದಿಂದ ಗೆಲ್ಲಹೊರಟರೆ ತುಕ್ಕು ಬಿಡುವುದಕ್ಕೆ ಮುಂಚೆ ಬೋಲ್ಟೇ ಮುರಿಯುವುದು. ಒಂದು ನಟ್ಟಿನ ಕೆಲಸವು ಮುರಿದ ತುಂಡನ್ನು ಕೊರೆದು ತೆಗೆಯುವ ಕೆಲಸವಾಗಿ ಬೆಳೆಯುವುದು. ತಾಳಿದವನು ಬಾಳಿಯಾನೆಂಬ ಗಾದೆಗೆ ಇದಕ್ಕಿಂತ ತಕ್ಕ ಎಡೆ ಬೇರೊಂದಿಲ್ಲ.

ಆದಕಾರಣ ಮೊದಲನೆಯ ದಿನ ಸ್ಪ್ಯಾನರನ್ನು ಮುಟ್ಟಲೇಕೂಡದು. ತಂತಿಯ ಬ್ರಷ್ಷಿನಿಂದ ಹೊರಗೆ ಕಾಣುವ ತಿರುಪನ್ನು ಉಜ್ಜಿ, ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಬೇಕು. ತಟ್ಟಿದಾಗ ಕೂದಲೆಳೆಯ ಬಿರುಕುಗಳು ತೆರೆದು ಎಣ್ಣೆಯು ಒಳಗಿಳಿಯುತ್ತದೆ. ಸಂಜೆಗೊಮ್ಮೆ, ಬೆಳಗಿಗೊಮ್ಮೆ, ಹೀಗೆ ಎರಡು ಮೂರು ದಿನ ನಡೆಯಲಿ.

ಬಳಿಕ ಸ್ಪ್ಯಾನರಿನ ವಿಚಾರ. ಹಳೆಯ ಅಂಬಾಸಡರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಸಂತತಿಯಾದ್ದರಿಂದ ಅದರ ನಟ್ಟುಗಳು ಅಂಗುಲದ ಲೆಕ್ಕದವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು. ಮನೆಯಲ್ಲಿರುವ 13ರ ಸ್ಪ್ಯಾನರು ಅದಕ್ಕೆ ಕೂತಂತೆ ಕಾಣುವುದಾದರೂ, ಬಲ ಬಿದ್ದೊಡನೆ ಜಾರಿ ನಟ್ಟಿನ ಮೂಲೆಗಳನ್ನು ಸವೆಸಿಬಿಡುತ್ತದೆ. ಸರಿಯಳತೆಯ ರಿಂಗ್ ಸ್ಪ್ಯಾನರನ್ನೇ ಹಿಡಿಯತಕ್ಕದ್ದು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳುಳ್ಳವರು ಇನ್ನೊಂದನ್ನು ನೆನೆಯಬೇಕು: ಅವುಗಳ ಎಡಗಡೆಯ ಚಕ್ರದ ನಟ್ಟುಗಳು ಎಡತಿರುಪಿನವು. ಬಿಚ್ಚುತ್ತೇವೆಂದುಕೊಂಡು ಬಿಗಿಯುತ್ತಿರುವವರು ತುಕ್ಕನ್ನು ಬೈದು ಫಲವಿಲ್ಲ.

ನಟ್ಟನ್ನು ಮೊದಲು ಬಿಗಿಯುವ ಕಡೆಗೆ ತುಸುವೇ ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ ತರುವುದು ಅನುಭವಿಗಳ ಕ್ರಮ. ಅಲುಗಿತೆಂದು ಹಿಗ್ಗಿ ಒಂದೇ ಸಮನೆ ಎಳೆಯಬಾರದು. ಕಾಲು ಸುತ್ತು ಹೋಗಿ, ಹಿಂದಿರುಗಿ, ಎಣ್ಣೆ ಹಾಕಿ, ಮತ್ತೆ ಹೋಗಬೇಕು.

ಇಷ್ಟಕ್ಕೂ ಬಗ್ಗದಿದ್ದರೆ ಬೆಂಕಿಯ ಉಪಾಯವುಂಟು. ಕಾಯಿಸಿದ ನಟ್ಟು ಹಿಗ್ಗಿ ಸಡಿಲವಾಗುತ್ತದೆ. ಆದರೆ ಹಾಕಿದ ಎಣ್ಣೆಯೇ ಹೊತ್ತಿಕೊಳ್ಳಬಹುದು. ಪೆಟ್ರೋಲಿನ ಕೊಳವೆಯೂ ಬ್ರೇಕಿನ ರಬ್ಬರೂ ಸಮೀಪದಲ್ಲಿಯೇ ಇರುತ್ತವೆ. ಹುಲ್ಲಿನ ಬಣವೆಯ ಪಕ್ಕದ ಕೊಟ್ಟಿಗೆಯಲ್ಲಿ ಇದನ್ನು ಮಾಡುವುದು ಮನೆಯನ್ನೇ ಪಣಕ್ಕಿಟ್ಟಂತೆ. ಅದನ್ನು ನುರಿತ ಮೆಕ್ಯಾನಿಕ್ಕಿಗೇ ಬಿಡುವುದು ಲೇಸು. ನಟ್ಟನ್ನು ಉಳಿಯಿಂದ ಸೀಳಿದರೂ ನಷ್ಟವಿಲ್ಲ; ನಟ್ಟು ಹೋಗಿ ಬೋಲ್ಟು ಉಳಿದರೆ ಅದೇ ಲಾಭ.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಚಕ್ರದ ನಟ್ಟುಗಳನ್ನು ಚಕ್ರವು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕನ್ನು ಎತ್ತತಕ್ಕದ್ದು. ಜಾಕೊಂದನ್ನೇ ನಂಬಿ, ಅಥವಾ ಇಟ್ಟಿಗೆಗಳನ್ನು ಪೇರಿಸಿ, ಕಾರಿನ ಕೆಳಗೆ ತಲೆಯಿಡಲೇಬಾರದು. ಕಚ್ಚಿದ ನಟ್ಟು ಬಿಟ್ಟಾಗಿನ ಒಂದು ಜಗ್ಗಾಟಕ್ಕೆ ಜಾಕು ವಾಲಬಹುದು. ಇಟ್ಟಿಗೆಯು ಸುಳಿವು ಕೊಡದೆ ಒಡೆಯುತ್ತದೆ. ತಂದೆಯವರ ಕಾರು ಎಷ್ಟೇ ಪ್ರಿಯವಾಗಿದ್ದರೂ ಮನೆಯವರಿಗೆ ಅದರ ಕೆಳಗೆ ಮಲಗಿದವನೇ ಹೆಚ್ಚು ಪ್ರಿಯ.

ಬಿಚ್ಚಿದ ಮೇಲೆ ಬ್ರೇಕು, ಸ್ಟೀರಿಂಗುಗಳ ಸವೆದ ನಟ್ಟುಗಳನ್ನು ಎಸೆದು ಹೊಸವನ್ನೇ ಹಾಕತಕ್ಕದ್ದು. ಇನ್ನೊಂದು ಬಿನ್ನಹ: ರಸಗೊಬ್ಬರದ ಮೂಟೆಗಳನ್ನು ಕಾರಿನ ಪಕ್ಕದಲ್ಲಿ ಒಟ್ಟಬೇಡಿ. ಅದರ ಲವಣಗಳು ಗಾಳಿಯ ತೇವವನ್ನು ಹೀರಿ ತುಕ್ಕನ್ನು ಸಾಕುತ್ತವೆ. ಇಂದು ಆ ಮೂಟೆಗಳನ್ನು ಆಚೆಗೆ ಸರಿಸಿದವರಿಗೆ ಮುಂದೊಂದು ದಿನ ಸುತ್ತಿಗೆಯ ಕೆಲಸ ಕಡಮೆಯಾದೀತು.